ಜಪಾನ್ ಟೂರ್ ಕ್ಯೋಟೋದಲ್ಲಿ ಮುಗಿದರೆ ಉಳಿದ ಎರಡು ದಿನ ಏನು ಮಾಡಬೇಕು?

ಒಂದು ದಿನ ಹಿರೋಶಿಮಾ, ಒಂದು ದಿನ ಒಸಾಕಾ ಮುಗಿಸಬಹುದಾ ಅಂತ ಕೇಳಿದ್ದೀರಿ. ಮುಗಿಸಬಹುದು. ಆದರೆ ಬೇಡ, ಎರಡೂ ದಿನ ಕ್ಯೋಟೋದಲ್ಲೇ ಇರಿ.

ನಮ್ಮ ಗ್ರೂಪ್ ಟೂರ್ ಕೂಡ ಕ್ಯೋಟೋದಲ್ಲೇ ಮುಗಿದಿತ್ತು. ಅಷ್ಟು ದಿನ ಗೈಡ್ ಹಿಡಿದ ಬಾವುಟದ ಹಿಂದೆ ನಡೆದವರಿಗೆ ದಾರಿ ಹುಡುಕುವ ಅಭ್ಯಾಸವೇ ತಪ್ಪಿಹೋಗಿತ್ತು. ನಿಧಾನವಾಗಿ ತಿಂಡಿ ತಿಂದು, ಹತ್ತು ಗಂಟೆಗೆ ಸ್ಟೇಷನ್ ಎದುರು 206ನೇ ನಂಬರ್ ಬಸ್ಸಿಗೆ ನಿಂತೆವು, ಕಿಯೋಮಿಜು ದೇವಸ್ಥಾನಕ್ಕೆ ಅಂತ. ಅಲ್ಲೇ ದಿನ ಹಾಳಾಯಿತು.

ಯಾಕೆ ಅಂತ ಬಿಡಿಸಿ ಹೇಳುತ್ತೇನೆ. ಆ ಬಸ್ಸಿಗೆ ಹತ್ತುವುದು ಹಿಂದಿನ ಬಾಗಿಲಿಂದ. ಇಳಿಯುವುದು ಮುಂದಿನಿಂದ, ಡ್ರೈವರ್ ಪಕ್ಕದ ಪೆಟ್ಟಿಗೆಗೆ ದುಡ್ಡು ಹಾಕಿ. ಕಂಡಕ್ಟರ್ ಇಲ್ಲ. ಹಿಂದೆ ಸಿಕ್ಕಿಕೊಂಡವರು ಸೂಟ್‌ಕೇಸುಗಳ ನಡುವೆ ನುಸುಳಿ ಮುಂದೆ ಬರಬೇಕು. ಬಂದ ಮೇಲೆ ಚಿಲ್ಲರೆ ಇರುವುದಿಲ್ಲ. ನೋಟನ್ನು ಮೆಷಿನ್ನಿಗೆ ಹಾಕಿ, ಚಿಲ್ಲರೆ ತೆಗೆದು, ಎಣಿಸಿ, ಆಮೇಲೆ ಪೆಟ್ಟಿಗೆಗೆ. ಅಲ್ಲಿವರೆಗೂ ಬಸ್ಸು ನಿಂತೇ ಇರುತ್ತದೆ. ಪ್ರತಿ ಸ್ಟಾಪಿನಲ್ಲೂ ಇದೇ ಕಥೆ. ಜೊತೆಗೆ ರಸ್ತೆ ತುಂಬ ಜಾಮ್. ನಾವು ಹತ್ತುವ ಮೊದಲೇ ಎರಡು ಬಸ್ಸು ತುಂಬಿಕೊಂಡು ಹೋಗಿದ್ದವು.

ಕಿಯೋಮಿಜು ತಲುಪಿದಾಗ ಮಧ್ಯಾಹ್ನ. ಜನರ ತಲೆ ನೋಡಿ ಬಂದೆವು ಅಷ್ಟೇ. ಆಮೇಲೆ ಊಟದ ಅಲೆದಾಟ. ಸಸ್ಯಾಹಾರಿಗಳಿಗೆ ಅಲ್ಲಿ ಉದೋನ್ ನೂಡಲ್ಸಿನ ಸಾರು ಕೂಡ ಸಾಮಾನ್ಯವಾಗಿ ಆಗುವುದಿಲ್ಲ, ಮೀನಿನ ರಸ ಇರುತ್ತದೆ. ಕೊನೆಗೆ ಸಾಂಜೂಸಾಂಗೆನ್‌ದೋ ದೇವಸ್ಥಾನಕ್ಕೆ ಓಡಿದೆವು. ಅದು ಮುಚ್ಚುವುದು ಐದಕ್ಕೆ (ಚಳಿಗಾಲದಲ್ಲಿ ನಾಲ್ಕಕ್ಕೆ), ಆದರೆ ಒಳಗೆ ಬಿಡುವುದನ್ನು ಅರ್ಧ ಗಂಟೆ ಮೊದಲೇ ನಿಲ್ಲಿಸುತ್ತಾರೆ. ನಮಗೆ ತಪ್ಪಿಹೋಯಿತು. ಒಂದೇ ಉದ್ದನೆಯ ಮರದ ಮಂಟಪದಲ್ಲಿ 1001 ಕನ್ನೊನ್ ಮೂರ್ತಿಗಳು, ಅಂದರೆ ನಮ್ಮ ಬೌದ್ಧರ ಅವಲೋಕಿತೇಶ್ವರ. ಕಾವಲು ದೇವತೆಗಳಲ್ಲಿ ಗರುಡನೂ ಇದ್ದಾನೆ. ಇಡೀ ಜಪಾನಿನಲ್ಲಿ ನನಗೆ ನೋಡಬೇಕು ಅಂತ ಇದ್ದದ್ದು ಅದೊಂದೇ!

ಇಷ್ಟಕ್ಕೂ ಊರೊಳಗಿನ ಕಾಮೊ ನದಿಯ ಪಕ್ಕದಲ್ಲೇ ಕೇಯ್‌ಹಾನ್ ಅಂತ ಒಂದು ರೈಲು ಇದೆ. ಅದರ ಸ್ಟೇಷನ್ನುಗಳು ಸಾಲಾಗಿ ಫುಶಿಮಿ ಇನಾರಿ, ತೋಫುಕುಜಿ, ಸಾಂಜೂಸಾಂಗೆನ್‌ದೋಗೆ ಇಳಿಯುವ ಶಿಚಿಜೋ, ಆಮೇಲೆ ಕಿಯೋಮಿಜು-ಗೋಜೋ, ಗಿಯೋನ್-ಶಿಜೋ. ಎಲ್ಲ ಒಂದೇ ಲೈನು. ಕ್ಯೋಟೋ ಸ್ಟೇಷನ್ನಿಗೆ ಅದು ಬರುವುದಿಲ್ಲ, ಅದಕ್ಕೇ ಟೂರಿಸ್ಟರ ಕಣ್ಣಿಗೆ ಬೀಳುವುದಿಲ್ಲ ಅನಿಸುತ್ತದೆ. ಕ್ಯೋಟೋ ಸ್ಟೇಷನ್ನಿನಿಂದ ಜೆಆರ್ (ಜಪಾನ್ ರೈಲ್ವೇಸ್) ನಾರಾ ಲೈನಿನಲ್ಲಿ ಒಂದೇ ಸ್ಟಾಪ್, ತೋಫುಕುಜಿಯಲ್ಲಿ ಇಳಿದು ಬದಲಾಯಿಸಿ. ಕಿಯೋಮಿಜು-ಗೋಜೋ ಸ್ಟೇಷನ್ನಿನಿಂದ ದೇವಸ್ಥಾನಕ್ಕೆ ಇಪ್ಪತ್ತು ನಿಮಿಷಕ್ಕಿಂತ ಜಾಸ್ತಿ ಏರುದಾರಿ. ಮಂಡಿ ನೋವಿನವರಿದ್ದರೆ ಅಲ್ಲಿಂದ ಟ್ಯಾಕ್ಸಿ ಮಾಡಿ.

ಕಿಯೋಮಿಜು ಬೆಳಿಗ್ಗೆ ಆರಕ್ಕೇ ತೆರೆಯುತ್ತದೆ, ಆಗಲೇ ಹೋಗಿ. ಇಳಿದು ಬಂದು ಸಾಂಜೂಸಾಂಗೆನ್‌ದೋ. ಫುಶಿಮಿ ಇನಾರಿ ದೇವಸ್ಥಾನಕ್ಕೆ ಟಿಕೆಟ್ ಇಲ್ಲ, ಬಾಗಿಲು ಹಾಕುವುದೂ ಇಲ್ಲ. ಕತ್ತಲಾದ ಮೇಲೆ ಹೋದರೂ ಆಯಿತು, ದೀಪ ಇರುತ್ತದೆ. ಎರಡನೇ ದಿನಕ್ಕೆ ಏನೂ ಪ್ಲಾನ್ ಬೇಡ, ಸುಮ್ನೆ ನದಿ ದಂಡೆ ಹಿಡಿದು ನಡೆಯಿರಿ.

ಒಸಾಕಾ ಬೇಕೇ ಬೇಕು ಅಂದರೆ ಸಂಜೆ ಅಲ್ಲಿನ ದೋತೋಂಬೋರಿ ಬೀದಿಯ ದೀಪ ನೋಡಿ ವಾಪಸ್ ಬನ್ನಿ, ಜೆಆರ್‌ನಲ್ಲಿ ಒಸಾಕಾ ಸ್ಟೇಷನ್ನಿಗೆ ಅರ್ಧ ಗಂಟೆ. ವಿಮಾನ ಕಾನ್ಸಾಯ್‌ನಿಂದ ಅಂತ ಹೋಟೆಲ್ ಬದಲಾಯಿಸಬೇಡಿ. ಹಾರುಕಾ ರೈಲು ಕ್ಯೋಟೋದಿಂದ ನೇರ ಏರ್‌ಪೋರ್ಟಿಗೇ ಬಿಡುತ್ತದೆ.