ಆರು ವಾರ ಸಾಲದು: ‘ಹೊಸ ಹೆಸರು’ ಕಥೆಯ ಲೇಖಕರಿಗೆ

ಪ್ರಿಯ ಲೇಖಕರೇ,

‘ಹೊಸ ಹೆಸರು’ ಕಥೆಯನ್ನು ಈಗಿರುವ ರೂಪದಲ್ಲಿ ಪ್ರಕಟಿಸಲು ಆಗುವುದಿಲ್ಲ. 58ರ ಶ್ರೀನಿವಾಸ ಒಂದು ರಾತ್ರಿ ಹೆಂಡತಿಯ ಉಡುಪು ತೊಟ್ಟು ಕನ್ನಡಿ ನೋಡಿ ತಾನು ಹೆಣ್ಣೆಂದು ಅರಿಯುತ್ತಾರೆ, ಬೆಳಗಾದರೆ ಮನೆಯವರಿಗೆಲ್ಲ ಹೇಳಿ ಶೈಲಜಾ ಆಗುತ್ತಾರೆ, ಹಾರ್ಮೋನ್ ಮಾತ್ರೆ ಶುರುವಾಗಿ ಆರು ವಾರದಲ್ಲಿ ಗಡ್ಡ ಉದುರಿ ದನಿ ಇಂಪಾಗುತ್ತದೆ. ಪಾತ್ರದ ಮೇಲೆ ನಿಮಗಿರುವ ಅಕ್ಕರೆ ನಿಜವಾದದ್ದು. ಆದರೆ ನೀವು ಹಾರಿಸಿಕೊಂಡು ಹೋದ ಕಡೆಯಲ್ಲೇ ಕಥೆಯಿದೆ.

ಗಡ್ಡದಿಂದ ಶುರುಮಾಡೋಣ. ಹೆಣ್ಣು ಹಾರ್ಮೋನ್ ಆದ ಈಸ್ಟ್ರೋಜನ್‌ನಿಂದ ಮೈಕೂದಲು ನಿಧಾನವಾಗಿ ತೆಳುವಾಗಬಹುದು, ಗಡ್ಡ ಹೋಗುವುದಿಲ್ಲ. ಕೂದಲು ತೆಗೆಯುವ ಲೇಸರ್ ಹಿಡಿಯುವುದು ಕೂದಲಿನ ಕಪ್ಪನ್ನು. ಈ ವಯಸ್ಸಿನ ನರೆಗಡ್ಡ ಅದಕ್ಕೆ ಸಿಗದು. ಉಳಿಯುವುದು ಎಲೆಕ್ಟ್ರಾಲಿಸಿಸ್: ಒಂದೊಂದೇ ಕೂದಲಿನ ಬುಡಕ್ಕೆ ಸೂಜಿ ಇಳಿಸಿ, ವಿದ್ಯುತ್ ಹಾಯಿಸಿ, ಚಿಮಟದಿಂದ ಎಳೆಯಬೇಕು. ಇಡೀ ಮುಖಕ್ಕೆ ವರ್ಷ, ಎರಡು ವರ್ಷ ಹಿಡಿಯುವುದುಂಟು. ಚಿಮಟಕ್ಕೆ ಸಿಗಲು ಕೂದಲು ಸುಮಾರು 2 ಮಿಲಿಮೀಟರ್ ಬೆಳೆದಿರಬೇಕು, ಹಾಗಾಗಿ ಪ್ರತಿ ಸಲವೂ ಅದಕ್ಕೆ ಮುಂಚಿನ ಕೆಲವು ದಿನ ಕ್ಷೌರ ಮಾಡುವಂತಿಲ್ಲ. ಗಡ್ಡ ಕಂಡರಾಗದವರು ಗಡ್ಡ ಬಿಟ್ಟುಕೊಂಡೇ ನಾಲ್ಕು ಜನರೆದುರು ಓಡಾಡಬೇಕಾದ ಆ ದಿನಗಳನ್ನು ಬರೆಯಿರಿ. ನಿಮ್ಮ ಕನ್ನಡಿಯ ದೃಶ್ಯಕ್ಕಿಂತ ಅದು ಎಷ್ಟೋ ಗಟ್ಟಿ.

ದನಿಯೂ ಅಷ್ಟೆ. ಹರೆಯದಲ್ಲಿ ದಪ್ಪಗಾದ ಧ್ವನಿತಂತುಗಳನ್ನು ಈಸ್ಟ್ರೋಜನ್ ತೆಳ್ಳಗೆ ಮಾಡುವುದಿಲ್ಲ. ತಿಂಗಳುಗಟ್ಟಲೆ ದಿನವೂ ಅಭ್ಯಾಸ ಬೇಕು. ಬರೀ ಸ್ವರ ಏರಿಸಿದರೆ ಕೀರಲು ದನಿ ಬರುತ್ತದೆ, ಗಂಟಲು ನೋಯುತ್ತದೆ. ದನಿ ಎದೆಯಲ್ಲಿ ಮೊಳಗುವುದನ್ನು ಬಿಟ್ಟು ಬಾಯಿಯ ಮುಂಭಾಗಕ್ಕೆ ಬರುವಂತೆ ಪಳಗಿಸಬೇಕು. ಸೀನಿದಾಗ, ಕೂಗಿ ಕರೆದಾಗ ಹಳೆಯ ದನಿ ಹೊರಬಿದ್ದೇ ಬೀಳುತ್ತದೆ.

ಎರಡನೇ ಪುಟದಲ್ಲಿ ಶ್ರೀನಿವಾಸ ಬಿಪಿ ಮಾತ್ರೆ ನುಂಗುತ್ತಾರೆ, ಆಮೇಲೆ ನೀವು ಅದನ್ನು ಮರೆತಿದ್ದೀರಿ. ಗಂಡು ಹಾರ್ಮೋನ್ ಆದ ಟೆಸ್ಟೋಸ್ಟಿರೋನ್ ತಡೆಯಲು ಕೊಡುವ ಸ್ಪೈರೊನೊಲ್ಯಾಕ್ಟೋನ್ ರಕ್ತದ ಪೊಟ್ಯಾಸಿಯಂ ಏರಿಸುತ್ತದೆ, ಕೆಲವು ಬಿಪಿ ಔಷಧಗಳೂ ಏರಿಸುತ್ತವೆ. ಎರಡೂ ಸೇರಿದರೆ ಹೃದಯಬಡಿತವೇ ತಪ್ಪಬಹುದು. ನುಂಗುವ ಈಸ್ಟ್ರೋಜನ್‌ನಿಂದ ರಕ್ತ ಹೆಪ್ಪುಗಟ್ಟುವ ಅಪಾಯ ವಯಸ್ಸಾದಂತೆ ಹೆಚ್ಚು, ಅದಕ್ಕೇ ವೈದ್ಯರು ಚರ್ಮಕ್ಕೆ ಅಂಟಿಸುವ ಪ್ಯಾಚ್ ಅಥವಾ ಜೆಲ್ ಕಡೆ ಒಲವು ತೋರುತ್ತಾರೆ. ಮೊದಲ ವರ್ಷ ಸಾಮಾನ್ಯವಾಗಿ 3 ತಿಂಗಳಿಗೊಮ್ಮೆ ರಕ್ತ ಪರೀಕ್ಷೆ. ಎದೆ ಬೆಳೆಯಲು ತೊಡಗುವುದು 3ರಿಂದ 6 ತಿಂಗಳಲ್ಲಿ, ಪೂರ್ತಿಯಾಗಲು 2–3 ವರ್ಷ. ನಿಮ್ಮ ವೈದ್ಯ ‘ಇದು ಮಾನಸಿಕ ಕಾಯಿಲೆ’ ಎನ್ನುವುದನ್ನು ಕಥೆ ಪ್ರಶ್ನಿಸದೆ ಒಪ್ಪಿಕೊಂಡಿದೆ. ವಿಶ್ವ ಆರೋಗ್ಯ ಸಂಸ್ಥೆಯ 2022ರಲ್ಲಿ ಜಾರಿಗೆ ಬಂದ ರೋಗಪಟ್ಟಿಯಲ್ಲಿ, ಹುಟ್ಟಿದಾಗ ಗುರುತಿಸಿದ ಲಿಂಗಕ್ಕೂ ಒಳಗಿನ ಅರಿವಿಗೂ ಹೊಂದದ ಈ ಸ್ಥಿತಿ ಮಾನಸಿಕ ಕಾಯಿಲೆಗಳ ಅಧ್ಯಾಯದಲ್ಲಿಲ್ಲ.

ಇನ್ನೊಂದು ಮಾತು. ಉಡುಪು ತೊಟ್ಟ ಮಾತ್ರಕ್ಕೆ ಯಾರೂ ಹೆಣ್ಣೆಂದು ತೀರ್ಮಾನವಾಗುವುದಿಲ್ಲ. ಮನೆಯಲ್ಲಿ ಯಾರೂ ಇಲ್ಲದ ಒಂದೆರಡು ತಾಸು, ನಂಬಿಕೆಯ ಒಬ್ಬರ ಬಾಯಲ್ಲಿ ಹೊಸ ಹೆಸರು, ಉಗುರಿಗೆ ಬಣ್ಣ, ಮರುದಿನ ಅದನ್ನು ಅಳಿಸುವಾಗ ಹಾಯೆನಿಸಿತೋ ಸಂಕಟವಾಯಿತೋ ಎಂಬ ಲೆಕ್ಕ: ಹೀಗೆ ಹಿಂದೆ ಸರಿಯಬಹುದಾದ ಹೆಜ್ಜೆಗಳಿಂದಲೇ ಅನೇಕರು ಹುಡುಕುತ್ತಾರೆ. ಕೆಲವರಿಗೆ ಹೆಸರು, ಬಟ್ಟೆ ಇಷ್ಟೇ ಸಾಕಾಗುತ್ತದೆ, ಮಾತ್ರೆ ಬೇಡ. ಅವರ ಹುಡುಕಾಟ ಅರ್ಧಕ್ಕೆ ನಿಂತಿತೆಂದು ತಿಳಿಯಬೇಡಿ.

ಹೆಂಡತಿಗೆ ನೀವು ಕೊಟ್ಟಿರುವುದು ಒಂದೇ ವಾಕ್ಯ: ‘ಅವಳು ಮೌನವಾಗಿ ಅತ್ತಳು’. ಮೂವತ್ತು ವರ್ಷ ಸಂಸಾರ ಮಾಡಿದವಳು ಕೇಳುತ್ತಾಳೆ: ಯಾವಾಗಿನಿಂದ ಗೊತ್ತಿತ್ತು? ಮದುವೆಗೆ ಮುಂಚೆಯೇ? ಈಗ ನಾನು ನಿನಗೆ ಏನು? ಅಂದಹಾಗೆ, ಆಕೆಯ ಉಡುಪು ಶ್ರೀನಿವಾಸರಿಗೆ ಅಷ್ಟು ಸಲೀಸಾಗಿ ಮೈಗೆ ಹೊಂದುವುದಿಲ್ಲ. ಗಂಡಸಿನ ಭುಜ ಅಗಲ. ತೋಳಿನ ಹೊಲಿಗೆ ಕಂಕುಳ ಹಿಂದೆ ಬಿಚ್ಚಿಕೊಳ್ಳುತ್ತದೆ. ಆ ಬಿಚ್ಚಿದ ಹೊಲಿಗೆಯನ್ನು ಹೆಂಡತಿ ಕಂಡರೆ ಮರುದಿನದ ಭಾಷಣವೇ ಬೇಕಾಗದು.

ನಿರೂಪಣೆಯಲ್ಲಿ ‘ಅವನು’, ‘ಅವಳು’ ಒಂದೇ ಪ್ಯಾರಾದಲ್ಲಿ ಅದಲುಬದಲಾಗಿವೆ. ಕಥೆಯನ್ನು ‘ನಾನು’ ಎಂದು ಹೇಳಿಸಿ ನೋಡಿ: ‘ಬಂದೆ, ಕುಳಿತೆ’ ಎಂಬಲ್ಲಿ ಗಂಡು-ಹೆಣ್ಣು ತೋರುವುದಿಲ್ಲ. ಹಿರಿಯರಾದ್ದರಿಂದ ಉಳಿದವರೂ ‘ಬಂದರು’ ಎಂದೇ ಅನ್ನುತ್ತಾರೆ. ತೊಡಕು ಉಳಿಯುವುದು ಗೆಳೆಯರ ‘ಅವನು’ ಮತ್ತು ಮಗಳ ‘ಅಪ್ಪ’ದಲ್ಲಿ. ಮಗಳು ಏನೆಂದು ಕರೆಯಬೇಕು ಎಂಬುದನ್ನು ಅವರಿಬ್ಬರೇ ಮಾತಾಡಿ, ಜಗಳಾಡಿ ತೀರ್ಮಾನಿಸಲಿ.

ಕೊನೆಯ ಎರಡು ಪುಟ ತೆಗೆಯಿರಿ. ಆರು ವಾರವನ್ನು ಎರಡು ವರ್ಷ ಮಾಡಿ, ಹೆಂಡತಿಗೆ ಕನಿಷ್ಠ ಮೂರು ದೃಶ್ಯ ಕೊಟ್ಟು ಮತ್ತೆ ಕಳಿಸಿ. ಖಂಡಿತ ಓದುತ್ತೇವೆ.

— ಸಂಪಾದಕರು