ಭಾರತ ಫುಟ್‌ಬಾಲ್ ತಂಡಕ್ಕೆ ಕೋಚ್ ಆರಿಸುವಾಗ ಏನನ್ನು ನೋಡಬೇಕು?

ನೀವು ಕೇಳಿದ್ದು: 2025ರ ನವೆಂಬರ್‌ನಲ್ಲಿ ಢಾಕಾದಲ್ಲಿ ಬಾಂಗ್ಲಾದೇಶದ ಎದುರೂ ಸೋತಾಯಿತು, ಭಾರತ ತಂಡದ ಕೋಚ್ ಖಾಲಿದ್ ಜಮೀಲ್ ಅವರನ್ನು ತೆಗೆಯಬೇಕೇ? ತೆಗೆದರೆ ವಿದೇಶಿ ಕೋಚ್ ಬೇಕೋ, ಇನ್ನೊಬ್ಬ ಭಾರತೀಯ ಬೇಕೋ?

ನೇರವಾಗಿ ಹೇಳುತ್ತೇನೆ. ಈಗ ತೆಗೆಯಬಾರದು. ಮುಂದೆ ತೆಗೆಯುವ ದಿನ ಬಂದರೂ ಪಾಸ್‌ಪೋರ್ಟ್ ನೋಡಿ ಆರಿಸಬಾರದು. ಬೇಕಾದವರನ್ನು ಕೊಂಡು ತರಲಾಗದೆ, ಇದ್ದ ಆಟಗಾರರನ್ನೇ ಇಟ್ಟುಕೊಂಡು, ಒಂದು ವಾರದೊಳಗೆ ತಂಡ ಕಟ್ಟಿ ತೋರಿಸಿದವರು ಯಾರು ಎಂದು ಹುಡುಕಬೇಕು. ನಮ್ಮ ಫುಟ್‌ಬಾಲ್ ಫೆಡರೇಷನ್ ಕಳೆದ ಹತ್ತು ವರ್ಷದಲ್ಲಿ ಈ ಒಂದು ಗುಣವನ್ನು ಬಿಟ್ಟು ಬೇರೆಲ್ಲವನ್ನೂ ನೋಡಿದೆ ಎಂಬುದು ನನ್ನ ಬೇಸರ.

ನಾನು ಮಂಗಳೂರಿನವನು, ಶಾಲಾ ಹುಡುಗರಿಗೆ ಫುಟ್‌ಬಾಲ್ ಕಲಿಸುತ್ತೇನೆ. ನಮ್ಮ ಕರಾವಳಿಯಲ್ಲಿ ಕ್ರಿಕೆಟ್ ನೋಡಿ ಬೆಳೆದವರೇ ಹೆಚ್ಚು, ಹಾಗಾಗಿ ಕೋಚ್ ಎಂದರೆ ಡ್ರೆಸ್ಸಿಂಗ್ ರೂಮಿನಲ್ಲಿ ಕೂತು ಸಲಹೆ ಕೊಡುವವರು ಎಂದೇ ಅನೇಕರ ಎಣಿಕೆ. ಕ್ರಿಕೆಟ್‌ನಲ್ಲಿ ತಂಡ ಆರಿಸಲು ಬೇರೆ ಸಮಿತಿ ಉಂಟು, ಬೌಲಿಂಗ್ ಬದಲಾಯಿಸಲು ನಾಯಕ ಇದ್ದಾನೆ. ಫುಟ್‌ಬಾಲಿನಲ್ಲಿ ಹಾಗಲ್ಲ. ಶಿಬಿರಕ್ಕೆ ಯಾರನ್ನು ಕರೆಯಬೇಕು, ಹನ್ನೊಂದರಲ್ಲಿ ಯಾರು, ಯಾವ ಜಾಗದಲ್ಲಿ, ಯಾವಾಗ ಯಾರನ್ನು ಹೊರಗೆ ಕರೆಸಬೇಕು ಎಂಬುದೆಲ್ಲ ಕೋಚ್ ಒಬ್ಬರ ತಲೆ ಮೇಲೆ. ಅದಕ್ಕೇ ಈ ಆಯ್ಕೆ ಅಷ್ಟು ಭಾರವಾದದ್ದು.

ಈಗ ಆ ಕೋಚ್‌ಗೆ ಸಿಗುವ ಸಮಯ ಎಷ್ಟು ಎಂದು ನೋಡಿ. 2025ರಲ್ಲಿ ಫಿಫಾ ವಿಂಡೋಗಳು, ಅಂದರೆ ದೇಶದ ತಂಡಗಳ ಪಂದ್ಯಕ್ಕೆಂದು ಮೀಸಲಿಟ್ಟ ದಿನಗಳು, ಇದ್ದದ್ದು ಮಾರ್ಚ್, ಜೂನ್, ಸೆಪ್ಟೆಂಬರ್, ಅಕ್ಟೋಬರ್, ನವೆಂಬರ್‌ಗಳಲ್ಲಿ. ಒಂದೊಂದರಲ್ಲಿ ಸುಮಾರು ಒಂಬತ್ತು ದಿನ, ಎರಡು ಪಂದ್ಯ. ಅದನ್ನೂ ವಿಶ್ವಕಪ್, ಏಷ್ಯನ್ ಕಪ್‌ನಂಥ ದೊಡ್ಡ ಟೂರ್ನಿಗಳನ್ನೂ ಬಿಟ್ಟರೆ ಆಟಗಾರರನ್ನು ಬಿಟ್ಟುಕೊಡಲೇಬೇಕೆಂಬ ನಿಯಮ ಕ್ಲಬ್‌ಗಳಿಗೆ ಇಲ್ಲ. ಭಾನುವಾರ ಕ್ಲಬ್ ಪಂದ್ಯ ಆಡಿದವನು ಸೋಮವಾರ ಸಂಜೆ ಶಿಬಿರಕ್ಕೆ ಬಂದು ಸೇರುತ್ತಾನೆ. ಮಂಗಳವಾರ ಅವನ ಕಾಲಿಗೆ ವಿಶ್ರಾಂತಿ ಕೊಡಬೇಕು. ಬುಧವಾರ ಒಂದು ಸರಿಯಾದ ಅಭ್ಯಾಸ, ಗುರುವಾರ ಇನ್ನೊಂದು, ಆಮೇಲೆ ಪಂದ್ಯದ ಹಿಂದಿನ ದಿನದ ಹಗುರ ಓಟ. ಪಂದ್ಯ ಮುಗಿದ ರಾತ್ರಿಯೇ ವಿಮಾನ ಹತ್ತಬೇಕು, ಎರಡನೆಯ ಪಂದ್ಯ ಬೇರೆ ದೇಶದಲ್ಲಿ. ಇಷ್ಟರಲ್ಲಿ ಹೊಸ ಶೈಲಿಯ ಆಟ ಕಲಿಸಲು ಯಾರಿಂದಲೂ ಆಗುವುದಿಲ್ಲ. ಎದುರಾಳಿಗೆ ಚೆಂಡು ಸಿಕ್ಕಿದಾಗ ನಮ್ಮ ಸಾಲು ಎಲ್ಲಿ ನಿಲ್ಲಬೇಕು, ಮೊದಲು ಯಾರು ಮೇಲೆ ಬೀಳಬೇಕು, ಕಾರ್ನರ್ ಮತ್ತು ಫ್ರೀಕಿಕ್‌ನಲ್ಲಿ ಯಾರು ಎಲ್ಲಿಗೆ ಓಡಬೇಕು, ಇಷ್ಟನ್ನು ಮಾತ್ರ ಕಲಿಸಬಹುದು. ಯಕ್ಷಗಾನದ ಕೂಡಾಟದಲ್ಲಿ ಎರಡು ಮೇಳದವರನ್ನು ಒಂದೇ ರಂಗಸ್ಥಳದಲ್ಲಿ ಕುಣಿಸುವ ಭಾಗವತರ ಹಾಗೆ, ರಾಷ್ಟ್ರೀಯ ತಂಡದ ಕೋಚ್ ಬೇರೆ ಬೇರೆ ಕಡೆ ಪಳಗಿದವರನ್ನು ಸ್ವಲ್ಪ ಹೊತ್ತಿಗೆ ಒಂದೇ ತಾಳಕ್ಕೆ ತರಬೇಕು. ಕ್ಲಬ್ ಕೋಚ್‌ನ ಕೆಲಸ ಬೇರೆಯೇ. ಅವರಿಗೆ ದಿನಾ ಬೆಳಿಗ್ಗೆ ಅದೇ ಹುಡುಗರು ಸಿಗುತ್ತಾರೆ, ತಪ್ಪು ತಿದ್ದಲು ತಿಂಗಳುಗಳಿರುತ್ತವೆ, ಒಬ್ಬ ಸರಿ ಬರದಿದ್ದರೆ ಮುಂದಿನ ಋತುವಿನಲ್ಲಿ ಇನ್ನೊಬ್ಬನನ್ನು ಕೊಳ್ಳಬಹುದು.

ಈ ವ್ಯತ್ಯಾಸ ಗೊತ್ತಾದರೆ ಸ್ಪೇನಿನ ಕೋಚ್ ಮನೋಲೊ ಮಾರ್ಕೆಸ್ ವಿಷಯ ಅರ್ಥವಾಗುತ್ತದೆ. ಹೈದರಾಬಾದ್ ತಂಡಕ್ಕೆ 2021–22ರ ಇಂಡಿಯನ್ ಸೂಪರ್ ಲೀಗ್ (ಐಎಸ್‌ಎಲ್) ಗೆಲ್ಲಿಸಿದವರು, ಭಾರತೀಯ ಹುಡುಗರನ್ನು ಬೆಳೆಸುವುದರಲ್ಲಿ ಅವರಿಗೆ ಒಳ್ಳೆಯ ಹೆಸರಿತ್ತು. 2024ರ ಜುಲೈನಲ್ಲಿ ಅವರಿಗೆ ಭಾರತ ತಂಡ ಕೊಟ್ಟಾಗ ನನಗೂ ಸಂತೋಷವಾಗಿತ್ತು. ಆದರೆ ಎಫ್‌ಸಿ ಗೋವಾದ ಕೋಚ್ ಹುದ್ದೆಯನ್ನೂ ಅವರೇ ಇಟ್ಟುಕೊಳ್ಳಲಿ ಎಂದು ಫೆಡರೇಷನ್ ಒಪ್ಪಿತು. ಭಾರತಕ್ಕಾಗಿ ಅವರು ನಡೆಸಿದ್ದು 8 ಪಂದ್ಯ. ಗೆದ್ದದ್ದು ಮಾಲ್ಡೀವ್ಸ್ ಎದುರು ಒಂದೇ ಒಂದು, 4 ಡ್ರಾ, 3 ಸೋಲು. ಮಾಲ್ಡೀವ್ಸ್ ಪಂದ್ಯಕ್ಕೆ ನಿವೃತ್ತಿಯಾಗಿದ್ದ ಸುನಿಲ್ ಛೇಟ್ರಿಯನ್ನು, 40ರ ವಯಸ್ಸಿನಲ್ಲಿ, ವಾಪಸ್ ಕರೆಸಬೇಕಾಯಿತು. ಇದೇ ಅವಧಿಯಲ್ಲಿ ಗೋವಾಗೆ ಅವರು ಸೂಪರ್ ಕಪ್ ಗೆಲ್ಲಿಸಿಕೊಟ್ಟರು. ಅವರ ಸಾಮರ್ಥ್ಯ ಎಲ್ಲಿಗೂ ಹೋಗಿರಲಿಲ್ಲ, ಅರ್ಧ ಮನಸ್ಸಿನ ಕೆಲಸಕ್ಕೆ ದೇಶದ ತಂಡವನ್ನು ಇಟ್ಟದ್ದೇ ತಪ್ಪು.

ಅವರಿಗಿಂತ ಮೊದಲಿನ ಇಗೊರ್ ಸ್ಟಿಮಾಕ್ ಅವರದ್ದು ಇನ್ನೊಂದು ಬಗೆ. 1998ರ ವಿಶ್ವಕಪ್‌ನಲ್ಲಿ ಮೂರನೇ ಸ್ಥಾನ ಪಡೆದ ಕ್ರೊಯೇಷಿಯಾ ತಂಡದ ಆಟಗಾರ. ದೊಡ್ಡ ಹೆಸರು. 2023ರಲ್ಲಿ ಬೆಂಗಳೂರಿನ ಕಂಠೀರವದಲ್ಲಿ ಕುವೈತ್ ಎದುರು ಸ್ಯಾಫ್ (ದಕ್ಷಿಣ ಏಷ್ಯಾ) ಟೂರ್ನಿಯ ಫೈನಲ್ ಗೆದ್ದಾಗ ಎಲ್ಲರಿಗೂ ಏನೋ ಬದಲಾಯಿತು ಅನಿಸಿತ್ತು, ಫಿಫಾ ರ‍್ಯಾಂಕಿಂಗ್ 99ಕ್ಕೆ ಬಂದಿತ್ತು. ಆ ಹುರುಪಿನಲ್ಲಿ ಒಪ್ಪಂದವನ್ನು 2026ರ ಜೂನ್‌ವರೆಗೆ ವಿಸ್ತರಿಸಿದರು. 2024ರ ಜನವರಿಯ ಏಷ್ಯನ್ ಕಪ್‌ನಲ್ಲಿ ಆಸ್ಟ್ರೇಲಿಯಾ, ಉಜ್ಬೇಕಿಸ್ತಾನ್, ಸಿರಿಯಾ ಮೂವರಿಗೂ ಸೋತೆವು, ಒಂದೂ ಗೋಲು ಬರಲಿಲ್ಲ. ಜೂನ್‌ನಲ್ಲಿ ಅವರನ್ನು ತೆಗೆದರು, ಪರಿಹಾರದ ಜಗಳ ಬೇರೆ. ಒಂದು ಒಳ್ಳೆಯ ವರ್ಷ ನೋಡಿ ಒಪ್ಪಂದ, ಒಂದು ಕೆಟ್ಟ ವರ್ಷ ನೋಡಿ ವಜಾ.

ಇದಕ್ಕೆ ಎದುರಾಗಿ ಸ್ಟೀಫನ್ ಕಾನ್‌ಸ್ಟಂಟೈನ್ ಅವರ ಎರಡನೇ ಅವಧಿಯನ್ನು ನೆನಪಿಸಿಕೊಳ್ಳಿ. ಅವರು 2015ರಲ್ಲಿ ಬಂದಾಗ ಭಾರತದ ಸ್ಥಾನ 171. ಆ ಜೂನ್‌ನಲ್ಲಿ ಗುವಾಮ್ ಎಂಬ ಪುಟ್ಟ ದ್ವೀಪದ ತಂಡಕ್ಕೆ 1–2ರಿಂದ ಸೋತರು. ವಿಶ್ವಕಪ್ ಅರ್ಹತಾ ಗುಂಪಿನ 8 ಪಂದ್ಯಗಳಲ್ಲಿ 7 ಸೋಲು, ಗೆದ್ದದ್ದು ಬೆಂಗಳೂರಿನಲ್ಲಿ ಅದೇ ಗುವಾಮ್ ವಿರುದ್ಧ ಮಾತ್ರ. ಇಂದಿನ ಸಾಮಾಜಿಕ ಜಾಲತಾಣದ ಅವಸರ ಆಗ ಫೆಡರೇಷನ್ನಿಗೆ ಇದ್ದಿದ್ದರೆ ಅವರು ಅಲ್ಲಿಗೇ ಮನೆಗೆ ಹೋಗುತ್ತಿದ್ದರು. ಹೋಗಲಿಲ್ಲ. 2017ರಲ್ಲಿ ತಂಡ 96ನೇ ಸ್ಥಾನಕ್ಕೆ ಏರಿತು, 2019ರ ಏಷ್ಯನ್ ಕಪ್‌ನಲ್ಲಿ ಥಾಯ್ಲೆಂಡನ್ನು 4–1ರಿಂದ ಸೋಲಿಸಿತು. ಅವರ ಆಟ ಕಣ್ಣಿಗೆ ಚಂದವಿರಲಿಲ್ಲ, ಉದ್ದ ಚೆಂಡು, ಗಟ್ಟಿ ಡಿಫೆನ್ಸ್, ಓಟ. ಆದರೆ ಸಂದೇಶ್ ಜಿಂಗನ್ ಥರದ ಹೊಸಬರಿಗೆ ಜಾಗ ಕೊಟ್ಟರು, ಪ್ರತಿಯೊಬ್ಬನಿಗೂ ತನ್ನ ಕೆಲಸ ಗೊತ್ತಿತ್ತು. ಬಹ್ರೇನ್ ಎದುರು 90 ನಿಮಿಷ ಮುಗಿದ ಮೇಲೆ ಬಂದ ಪೆನಾಲ್ಟಿಯಿಂದ ಆ ತಂಡ ಹೊರಬಿದ್ದ ರಾತ್ರಿ ಈಗಲೂ ನನಗೆ ನೋವು ಕೊಡುತ್ತದೆ.

ಹಾಗಾದರೆ ಜಮೀಲ್? 2025ರ ಆಗಸ್ಟ್‌ನಲ್ಲಿ ಅವರನ್ನು ನೇಮಿಸಿದಾಗ ಫೆಡರೇಷನ್ನಿಗೆ 170 ಅರ್ಜಿಗಳು ಬಂದಿದ್ದವು. ಸ್ಪೇನಿನ ಹೆಸರಾಂತ ಆಟಗಾರನಾಗಿದ್ದ ಚಾವಿ ಹೆಸರಲ್ಲಿ ಬಂದ ಮಿಂಚಂಚೆ ಬಗ್ಗೆ ದೇಶವೆಲ್ಲ ಮಾತಾಡಿತು, ಅದು ನಕಲಿ ಎಂದು ಆಮೇಲೆ ತಿಳಿಯಿತು. ನಮಗೆ ದೊಡ್ಡ ಹೆಸರಿನ ಹಸಿವು ಎಷ್ಟಿದೆ ಎಂಬುದಕ್ಕೆ ಅದೇ ಸಾಕ್ಷಿ. ಐ. ಎಂ. ವಿಜಯನ್ ಅವರ ತಾಂತ್ರಿಕ ಸಮಿತಿ ಕೊನೆಗೆ ಉಳಿಸಿಕೊಂಡದ್ದು ಜಮೀಲ್, ಕಾನ್‌ಸ್ಟಂಟೈನ್, ಸ್ಲೊವಾಕಿಯಾದ ಸ್ಟೆಫಾನ್ ಟಾರ್ಕೊವಿಚ್ ಮೂವರನ್ನು. ಜಮೀಲ್ ಅವರ ಹಿಂದಿನ ಕೆಲಸ ನೋಡಿದರೆ ನಾನು ಮೇಲೆ ಹೇಳಿದ ಗುಣ ಎದ್ದು ಕಾಣುತ್ತದೆ. ಮಿಜೋರಾಮಿನ ಐಜ್ವಾಲ್ ಎಫ್‌ಸಿಯನ್ನು, ಹಣವೂ ಇಲ್ಲದ ತಾರೆಗಳೂ ಇಲ್ಲದ ತಂಡವನ್ನು, 2016–17ರಲ್ಲಿ ಆಗಿನ ಮುಖ್ಯ ರಾಷ್ಟ್ರೀಯ ಲೀಗ್ ಆಗಿದ್ದ ಐ-ಲೀಗ್‌ನ ಚಾಂಪಿಯನ್ ಮಾಡಿದರು. 2021ರಲ್ಲಿ ನಾರ್ತ್‌ಈಸ್ಟ್ ಯುನೈಟೆಡ್ ತಂಡವನ್ನು ಋತುವಿನ ನಡುವೆ ವಹಿಸಿಕೊಂಡು ಐಎಸ್‌ಎಲ್ ಸೆಮಿಫೈನಲ್‌ಗೆ ಕೊಂಡೊಯ್ದರು.

ಭಾರತ ತಂಡದಲ್ಲೂ ಅದರ ಗುರುತು ಸಿಕ್ಕಿತು. ಮಧ್ಯ ಏಷ್ಯಾದ ಕಾಫಾ ನೇಷನ್ಸ್ ಕಪ್‌ಗೆ ಕೋಲ್ಕತ್ತದ ಮೋಹನ್ ಬಗಾನ್ ಕ್ಲಬ್ ತನ್ನ ಆಟಗಾರರನ್ನು ಬಿಡಲಿಲ್ಲ, ಛೇಟ್ರಿಯೂ ಇರಲಿಲ್ಲ. ಆದರೂ ತಜಿಕಿಸ್ತಾನವನ್ನು ಅವರದ್ದೇ ನೆಲದಲ್ಲಿ 2–1ರಿಂದ ಸೋಲಿಸಿದರು. ಗೋಲು ಹೊಡೆದವರು ಅನ್ವರ್ ಅಲಿ ಮತ್ತು ಜಿಂಗನ್, ಇಬ್ಬರೂ ಡಿಫೆಂಡರ್‌ಗಳು. ಮೊದಲನೆಯದು ಉವೈಸ್ ಎಸೆದ ಉದ್ದದ ಥ್ರೋ-ಇನ್‌ನಿಂದ ಬಂದದ್ದು. ಬುಧವಾರ, ಗುರುವಾರ ಕಲಿಸಬಹುದಾದ ಆಟ ಎಂದು ಹೇಳಿದೆನಲ್ಲ, ಅದು ಇದೇ. ಒಮಾನನ್ನು ಪೆನಾಲ್ಟಿ ಶೂಟೌಟ್‌ನಲ್ಲಿ ಗೆದ್ದು ಮೂರನೇ ಸ್ಥಾನ ಪಡೆದರು.

ಅವರ ದೋಷವನ್ನೂ ಹೇಳಲೇಬೇಕು. ಅಕ್ಟೋಬರ್‌ನಲ್ಲಿ ಮಡಗಾಂವ್‌ನಲ್ಲಿ ಸಿಂಗಾಪುರದ ಎದುರು ಛಾಂಗ್ಟೆ ಗೋಲಿನಿಂದ ಮುನ್ನಡೆ ಸಿಕ್ಕಿತ್ತು. ಆಮೇಲೆ ನಮ್ಮವರು ಹಿಂದೆ ಹಿಂದೆ ಸರಿದರು, ಸಾಂಗ್ ಉಯಿ-ಯಂಗ್ ಎರಡು ಗೋಲು ಹೊಡೆದ, 2027ರ ಏಷ್ಯನ್ ಕಪ್ ದಾರಿ ಮುಚ್ಚಿತು. ಮುನ್ನಡೆ ಸಿಕ್ಕಿದ ಮೇಲೆ ಅದನ್ನು ಕಾಯಲು ಹೋಗುವುದು ಜಮೀಲ್ ಅವರ ಹಳೆಯ ಅಭ್ಯಾಸ, ಸಣ್ಣ ಕ್ಲಬ್‌ಗಳಲ್ಲಿ ಬದುಕಲು ಕಲಿತದ್ದು. ಸ್ವಂತ ನೆಲದಲ್ಲಿ ಸಿಂಗಾಪುರದ ಎದುರು ಅದು ಬೇಕಿರಲಿಲ್ಲ. ನವೆಂಬರ್ 18ರ ಢಾಕಾದ 0–1 ಸೋಲು 22 ವರ್ಷಗಳಲ್ಲಿ ಬಾಂಗ್ಲಾದೇಶಕ್ಕೆ ನಾವು ಕೊಟ್ಟ ಮೊದಲ ಗೆಲುವು, ರ‍್ಯಾಂಕಿಂಗ್ 142ಕ್ಕೆ ಜಾರಿತು. ಕೋಪ ಬರುತ್ತದೆ, ನನಗೂ ಬಂತು. ಆದರೆ ಆ ಹೊತ್ತಿಗೆ ಐಎಸ್‌ಎಲ್ ಋತು ಶುರುವೇ ಆಗಿರಲಿಲ್ಲ, ಮಾರಾಯ್ರೆ. ವಾರವಾರ ಲೀಗ್ ಆಡದ ಹುಡುಗರನ್ನು ಇಟ್ಟುಕೊಂಡು ಕೆಲವೇ ತಿಂಗಳು ಕೆಲಸ ಮಾಡಿದವರನ್ನು ತೆಗೆದರೆ ಮುಂದಿನವರಿಗೂ ಅದೇ ಗತಿ.

ಗೋಲು ಬರುತ್ತಿಲ್ಲ ಎಂಬ ದೂರಿನಲ್ಲಿ ಕೋಚ್‌ನ ಪಾಲು ಕಡಿಮೆ. ಐಎಸ್‌ಎಲ್ ಶುರುವಾದ 2014ರಿಂದ 2024–25ರವರೆಗೆ, ಅತಿ ಹೆಚ್ಚು ಗೋಲು ಹೊಡೆದವನಿಗೆ ಕೊಡುವ ಗೋಲ್ಡನ್ ಬೂಟ್ ಒಬ್ಬ ಭಾರತೀಯನಿಗೂ ಸಿಗಲಿಲ್ಲ. 2024–25ರಲ್ಲಿ ನಾರ್ತ್‌ಈಸ್ಟ್‌ನ ಮೊರಾಕ್ಕೊ ಆಟಗಾರ ಅಜರಾಯಿ 23 ಗೋಲು ಹೊಡೆದ, ಭಾರತೀಯರಲ್ಲಿ ಮೊದಲಿಗ ಮತ್ತೆ ಛೇಟ್ರಿಯೇ, 14. ಕ್ಲಬ್‌ಗಳು ಗೋಲಿನ ಮುಂದಿನ ಸೆಂಟರ್ ಫಾರ್ವರ್ಡ್ (ಸ್ಟ್ರೈಕರ್) ಜಾಗಕ್ಕೆ ವಿದೇಶಿಯನ್ನೇ ಕೊಳ್ಳುತ್ತವೆ, ನಮ್ಮ ಹುಡುಗ ಮೈದಾನದ ಬದಿಗೆ, ವಿಂಗ್‌ಗೆ ಹೋಗುತ್ತಾನೆ.

ಇದರ ಬೇರು ಇನ್ನೂ ಕೆಳಗೆ ಉಂಟು, ನಮ್ಮ ಊರಲ್ಲೇ ನೋಡಬಹುದು. ಉಳ್ಳಾಲದ ಕಡೆಯ, ಕಾಸರಗೋಡು ಗಡಿಯ ಹುಡುಗರ ಕಾಲಲ್ಲಿ ಚೆಂಡು ಅಂಟಿಕೊಂಡಂತೆ ಓಡುತ್ತದೆ. ಸಣ್ಣ ಮೈದಾನದಲ್ಲಿ ಏಳೇಳು ಜನರ ಸೆವೆನ್ಸ್ ಆಡಿ ಬೆಳೆದವರು, ಇಕ್ಕಟ್ಟಿನಲ್ಲಿ ಇಬ್ಬರನ್ನು ದಾಟುವುದು ಅವರಿಗೆ ಸುಲಭ. ಆದರೆ ನೆಹರೂ ಮೈದಾನದ ಪೂರ್ತಿ ಅಳತೆಯಲ್ಲಿ ಹನ್ನೊಂದು ಜನರ ನಡುವೆ ನಿಲ್ಲಿಸಿದರೆ, ಚೆಂಡು ದೂರ ಇದ್ದಾಗ ಎಲ್ಲಿ ನಿಲ್ಲಬೇಕೆಂದು ಗೊತ್ತಾಗುವುದಿಲ್ಲ. ಸ್ಟ್ರೈಕರ್‌ಗೆ ಬೇಕಾದ್ದು ಮುಖ್ಯವಾಗಿ ಅದೇ ಜ್ಞಾನ. ಅದು ಪಂದ್ಯ ಆಡಿಯೇ ಬರಬೇಕು. ನಮ್ಮಲ್ಲಿ ಜೂನ್‌ನಿಂದ ಮಳೆ ಹಿಡಿದರೆ ಮೈದಾನ ಕೆಸರುಗದ್ದೆ, ಮಳೆ ಬಿಟ್ಟ ಮೇಲೆ ಅದೇ ಮೈದಾನದಲ್ಲಿ ಹೊನಲು ಬೆಳಕಿನ ಅಂಡರ್‌ಆರ್ಮ್ ಕ್ರಿಕೆಟ್. ಹದಿಮೂರು ವರ್ಷದ ಹುಡುಗನಿಗೆ ವರ್ಷಕ್ಕೆ ಸಿಗುವ ಹನ್ನೊಂದರ ಪಂದ್ಯಗಳು ತೀರಾ ಕಡಿಮೆ. ಇದನ್ನು ದೆಹಲಿಯಲ್ಲಿ ನೇಮಕವಾಗುವ ಯಾವ ಕೋಚ್ ಸರಿಮಾಡಿಯಾನು?

ಮುಂದೊಂದು ದಿನ ಬದಲಾವಣೆ ಬೇಕೇ ಆದರೆ ನನ್ನ ಮೊದಲ ಹೆಸರು ಆಶ್ಲೆ ವೆಸ್ಟ್‌ವುಡ್. 2013ರಲ್ಲಿ ಹುಟ್ಟಿದ ಬೆಂಗಳೂರು ಎಫ್‌ಸಿಯನ್ನು ಮೊದಲ ಋತುವಿನಲ್ಲೇ ಐ-ಲೀಗ್ ಗೆಲ್ಲಿಸಿದ ಇಂಗ್ಲೆಂಡಿನ ಕೋಚ್. ಆಮೇಲೆ ಅವರು ಮಾಡಿದ್ದು ಇನ್ನೂ ಮುಖ್ಯ. 2024ರ ಮಾರ್ಚ್‌ನಲ್ಲಿ ಭಾರತ 117ನೇ ಸ್ಥಾನದಲ್ಲಿದ್ದಾಗ 158ನೇ ಸ್ಥಾನದ ಅಫ್ಘಾನಿಸ್ತಾನವನ್ನು ಗುವಾಹಟಿಗೆ ಕರೆತಂದು ನಮ್ಮನ್ನು 2–1ರಿಂದ ಸೋಲಿಸಿದರು. 2025ರ ಜೂನ್‌ನಲ್ಲಿ ಹಾಂಕಾಂಗ್ ಕೋಚ್ ಆಗಿ ಮತ್ತೆ 1–0. ನಮ್ಮ ಆಟಗಾರರ ಬಲ, ದೌರ್ಬಲ್ಯ ಎರಡೂ ಗೊತ್ತಿರುವವರು, ಕಡಿಮೆ ಸಮಯದಲ್ಲಿ ರಾಷ್ಟ್ರೀಯ ತಂಡ ಕಟ್ಟಿದವರು. ಭಾರತೀಯರಲ್ಲಿ ಕ್ಲಿಫರ್ಡ್ ಮಿರಾಂಡಾ ಮೇಲೆ ಕಣ್ಣಿಡಬೇಕು, 2023ರಲ್ಲಿ ಹಂಗಾಮಿಯಾಗಿ ನಿಂತು ಒಡಿಶಾಗೆ ಸೂಪರ್ ಕಪ್ ತಂದವರು.

ಆಯ್ಕೆ ಸಮಿತಿಯಲ್ಲಿ ಕೂತಿದ್ದರೆ ಅಭ್ಯರ್ಥಿಯ ಮುಂದೆ ಇಪ್ಪತ್ಮೂರು ಹೆಸರಿನ ಪಟ್ಟಿ ಇಟ್ಟು, ಸೋಮವಾರದಿಂದ ಶುಕ್ರವಾರದವರೆಗೆ ಇವರಿಗೆ ಏನು ಕಲಿಸುತ್ತೀರಿ, ದಿನ ದಿನದ ಲೆಕ್ಕ ಕೊಡಿ ಎಂದು ಕೇಳುತ್ತಿದ್ದೆ. ಸ್ಲೈಡ್ ಶೋ ಬೇಡ, ಹತ್ತು ವರ್ಷದ ಕನಸೂ ಬೇಡ. ಒಪ್ಪಂದದಲ್ಲಿ ಬೇರೆ ಹುದ್ದೆ ಇರಕೂಡದೆಂದು ಬರೆಸಬೇಕು. ಶಿಬಿರದ ದಿನಾಂಕಗಳಿಗೆ ಕ್ಲಬ್‌ಗಳ ಸಹಿ ಲೀಗ್ ಶುರುವಾಗುವ ಮೊದಲೇ ಆಗಬೇಕು. 23ರೊಳಗಿನ ತಂಡದ ಜೊತೆ ಹಿರಿಯರ ತಂಡಕ್ಕೆ ಕೊಂಡಿ ಇರಬೇಕು. ವಿಯೆಟ್ನಾಂನಲ್ಲಿ ಪಾರ್ಕ್ ಹಾಂಗ್-ಸೆಯೊ 2017ರಲ್ಲಿ ಎರಡೂ ತಂಡ ವಹಿಸಿಕೊಂಡರು. 2018ರ ಜನವರಿಯಲ್ಲಿ ಅವರ ಹುಡುಗರು ಏಷ್ಯಾದ 23ರೊಳಗಿನವರ ಫೈನಲ್ ಆಡಿದರು, ಅದೇ ವರ್ಷ ಹಿರಿಯರು ಆಗ್ನೇಯ ಏಷ್ಯಾದ ಕಪ್ ಗೆದ್ದರು.

ನಮ್ಮಲ್ಲೂ ಹುಡುಗರಿದ್ದಾರೆ. ನೌಷಾದ್ ಮೂಸಾ ಅವರ 23ರೊಳಗಿನ ತಂಡ 2025ರ ಸೆಪ್ಟೆಂಬರ್‌ನಲ್ಲಿ ಬಹ್ರೇನನ್ನು 2–0ಯಿಂದ ಸೋಲಿಸಿತು, ಕತಾರ್‌ಗೆ ಒಂದೇ ಗೋಲಿನಿಂದ ಸೋತಿತು. ಬಿಬಿಯಾನೊ ಫರ್ನಾಂಡಿಸ್ ಅವರ 17ರೊಳಗಿನವರು ಅದೇ ವರ್ಷ ನವೆಂಬರ್ 30ರಂದು ಅಹಮದಾಬಾದಿನಲ್ಲಿ ಇರಾನನ್ನು 2–1ರಿಂದ ಮಣಿಸಿ ತಮ್ಮ ವಯಸ್ಸಿನವರ ಏಷ್ಯನ್ ಕಪ್‌ಗೆ ಅರ್ಹತೆ ಪಡೆದರು. ಹಿರಿಯರ ಕೊನೆಯ ಅರ್ಹತಾ ಪಂದ್ಯ, 2026ರ ಮಾರ್ಚ್‌ನಲ್ಲಿ ಹಾಂಕಾಂಗ್ ವಿರುದ್ಧ ನಮ್ಮ ನೆಲದಲ್ಲಿ ಇಟ್ಟದ್ದು, ಗೆದ್ದರೂ ಸೋತರೂ ನಮ್ಮನ್ನು ಏಷ್ಯನ್ ಕಪ್‌ಗೆ ಒಯ್ಯದ ಪಂದ್ಯ. ಜಮೀಲ್ ಇಂಥ ಪಂದ್ಯಗಳಲ್ಲಿ ಮೂಸಾ ಅವರ ಐದಾರು ಹುಡುಗರನ್ನು ಮೊದಲ ನಿಮಿಷದಿಂದಲೇ ಇಳಿಸಲಿ, ಒಬ್ಬನನ್ನಾದರೂ ನಟ್ಟನಡುವೆ ಸ್ಟ್ರೈಕರ್ ಆಗಿ ನಿಲ್ಲಿಸಲಿ.