ಕಾಣೆಯಾದವರನ್ನು ಪ್ರಶ್ನಶಾಸ್ತ್ರ ಹುಡುಕಿಕೊಡುತ್ತದಾ?

ಪ್ರಶ್ನೆ: ಪಕ್ಕದ ಮನೆ ಅಜ್ಜ ಕಾಣೆಯಾದಾಗ ಜ್ಯೋತಿಷಿಯೊಬ್ಬರು ಪ್ರಶ್ನೆ ಇಟ್ಟು ‘ಪಶ್ಚಿಮಕ್ಕೆ ಹೋಗಿದ್ದಾರೆ’ ಅಂದರು. ಮನೆಯವರು ಎರಡು ದಿನ ಆ ಕಡೆಯೇ ಅಲೆದರು. ಇದು ಪೊಲೀಸರಿಗೆ ನೆರವಾಗಬಹುದಾ?
– ಒಬ್ಬ ಓದುಗರು, ಬೆಂಗಳೂರು

ಉತ್ತರ: ಆ ಎರಡು ದಿನ ನೆನೆದರೇ ಸಂಕಟವಾಗುತ್ತದೆ. ನೀವು ಕೇಳಿದ ಹೊತ್ತಿನ ಲಗ್ನ, ಅಂದರೆ ಆಗ ಪೂರ್ವದಲ್ಲಿ ಉದಯಿಸುತ್ತಿರುವ ರಾಶಿ ನೋಡಿ ಉತ್ತರ ಹೇಳುವುದು ಪ್ರಶ್ನಶಾಸ್ತ್ರ. ಮೇಷಕ್ಕೆ ಪೂರ್ವ, ವೃಷಭಕ್ಕೆ ದಕ್ಷಿಣ, ಮಿಥುನಕ್ಕೆ ಪಶ್ಚಿಮ, ಕರ್ಕಾಟಕಕ್ಕೆ ಉತ್ತರ, ಹೀಗೆ 12 ರಾಶಿಗೆ ನಾಲ್ಕೇ ದಿಕ್ಕು. ಲಗ್ನ ಸುಮಾರು ಎರಡು ಗಂಟೆಗೊಮ್ಮೆ ಬದಲಾಗುತ್ತದೆ, ಅಂದರೆ ನೀವು ಊಟ ಮುಗಿಸಿ ಹೋಗಿ ಕೇಳಿದರೆ ಅಜ್ಜನ ದಿಕ್ಕೇ ಬೇರೆ! ಬೆಂಗಳೂರಿಂದ ಪಶ್ಚಿಮ ಅಂದರೆ ಮಾಗಡಿಯೂ ಹೌದು, ಮಂಗಳೂರೂ ಹೌದು. ಪೊಲೀಸರು ಎಲ್ಲಿ ಅಂತ ಹುಡುಕಬೇಕು, ಹೇಳಿ?

ಅವರಿಗೆ ಬೇಕಾದ್ದು ಇತ್ತೀಚಿನ ಫೋಟೊ, ಉಟ್ಟ ಪಂಚೆಯ ಬಣ್ಣ, ಮೊಬೈಲ್ ನಂಬರ್, ನುಂಗುವ ಮಾತ್ರೆ, ಮೊದಲು ವಾಸವಿದ್ದ ಬೀದಿ. ಮರೆವಿನ ಕಾಯಿಲೆ ಇರುವವರು ಎಷ್ಟೋ ಸಲ ಹಳೇ ಮನೆ ಹುಡುಕಿಕೊಂಡು ಹೊರಡುತ್ತಾರೆ. 24 ಗಂಟೆ ಕಾಯಬೇಕು ಅನ್ನುವ ನಿಯಮವೇ ಇಲ್ಲ, ತಕ್ಷಣ 112ಕ್ಕೆ ಫೋನ್ ಮಾಡಿ. ಮಕ್ಕಳಾದರೆ 1098 ಕೂಡ ಇದೆ. ಮನಸ್ಸಿನ ಸಮಾಧಾನಕ್ಕೆ ಕವಡೆ ಹಾಕಿಸುವುದಿದ್ದರೆ ದೂರು ಕೊಟ್ಟ ಮೇಲೆ ಹಾಕಿಸಿ. ಆದರೆ ಅಲ್ಲಿ ಬಂದ ಹೆಸರು ಹಿಡಿದು ಯಾರ ಮೇಲೂ ಅನುಮಾನ ಪಡಬೇಡಿ.